ಕೆಂಗಣ್ಣು, ಕೆಮ್ಮು ಮತ್ತು ದಡಾರ

ಸಂಡೂರಿನಲ್ಲಿ ನಾನು ವೈದ್ಯವೃತ್ತಿಯನ್ನು ಆರಂಭಿಸಿದ ಮೊದಲ ವರ್ಷದ ಮಾತು. ತಾಯಿಯೊಬ್ಬಳು ಎರಡು ವರ್ಷದ ಮಗುವನ್ನು ಕರೆತಂದಳು. ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪಡರಿದ ಕಣ್ಣುಗಳು. ಅದಿರಿನ ಗಣಿಗಳ ಸೀಮೆಯದು; ಕೆಂಧೂಳಿಗೆ ಕಣ್ಣು ಕೆಂಪಾಗುವುದು ಅಲ್ಲಿ ಹೊಸತಲ್ಲ. ಧೂಳಿನ ಬಾಧೆಯೆಂದು ತಿಳಿದು ಕಣ್ಣಿಗೆ ಹನಿಮದ್ದು ಕೊಟ್ಟು ಕಳುಹಿಸಿದೆ. ಎರಡು ದಿನಗಳಲ್ಲಿ ಮಗುವಿನ ಮೈತುಂಬ ದದ್ದು ಎದ್ದಿತು. ಮುಂದಿನ ಎರಡು ವಾರಗಳೊಳಗೆ ಅದೇ ಓಣಿಯ ಇನ್ನೂ ಮೂರು ಮಕ್ಕಳು ಹಾಸಿಗೆ ಹಿಡಿದರು. ಅದು ದಡಾರ, ಗುರುತಿಸದೆ ಹೋದವನು ನಾನು.

ದದ್ದು ಕಂಡ ಮೇಲೆಯೇ ದಡಾರವೆಂದು ನಾವು ಭಾವಿಸುವುದು ವಾಡಿಕೆ. ಆದರೆ ಈ ವೈರಾಣು ಅದಕ್ಕೆ ನಾಲ್ಕು ದಿನ ಮೊದಲೇ ಒಬ್ಬರಿಂದೊಬ್ಬರಿಗೆ ಹರಡತೊಡಗುತ್ತದೆ. ದದ್ದು ಎದ್ದ ನಾಲ್ಕು ದಿನಗಳವರೆಗೂ ಹರಡುತ್ತಲೇ ಇರುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿಯೂ ಎರಡು ಗಂಟೆಗಳವರೆಗೆ ಅದು ಉಳಿಯಬಲ್ಲದು. ಆದಕಾರಣ ಮೊದಲ ಲಕ್ಷಣಗಳನ್ನು ಅರಿಯುವುದು ಅಗತ್ಯ. ಏರುವ ಜ್ವರದೊಡನೆ ಕೆಮ್ಮು, ನೆಗಡಿ, ಕೆಂಗಣ್ಣು ಕೂಡಿ ಬಂದರೆ ಮಗುವಿನ ಬಾಯಿ ತೆರೆಸಿ ನೋಡಿ. ದವಡೆಹಲ್ಲುಗಳ ಎದುರಿಗೆ, ಕೆನ್ನೆಯ ಒಳಬದಿಯಲ್ಲಿ, ಉಪ್ಪಿನ ಹರಳಿನಂಥ ಬಿಳಿಯ ಚುಕ್ಕೆಗಳು ಕಾಣಬಹುದು. 1896ರಲ್ಲಿ ಇವನ್ನು ವಿವರಿಸಿದ ನ್ಯೂಯಾರ್ಕಿನ ವೈದ್ಯ ಹೆನ್ರಿ ಕಾಪ್ಲಿಕರ ಹೆಸರೇ ಈ ಚುಕ್ಕೆಗಳಿಗಿದೆ. ಅನಂತರ ದದ್ದು ಕಿವಿಯ ಹಿಂಭಾಗ ಮತ್ತು ಹಣೆಯಿಂದ ಆರಂಭವಾಗಿ ಎದೆ, ಬೆನ್ನು, ಕಾಲುಗಳಿಗೆ ಇಳಿಯುತ್ತದೆ. ಸೀತಾಳೆ ಸಿಡುಬಿನಲ್ಲಿರುವಂತೆ ಇದರಲ್ಲಿ ನೀರುಗುಳ್ಳೆಗಳಿರುವುದಿಲ್ಲ.

ನಮ್ಮ ಹಿರಿಯರು ಇದನ್ನು ‘ಅಮ್ಮ’ ಎಂದು ಕರೆದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ದೂರವಿಡುತ್ತಿದ್ದರು. ದೂರವಿಡುವುದು ವಿವೇಕದ ಕ್ರಮವೇ. ಆದರೆ ಮಗುವಿಗೆ ಹಾಲು, ಅನ್ನ ನಿಲ್ಲಿಸುವುದೂ ಆಸ್ಪತ್ರೆಗೆ ಒಯ್ಯಬಾರದೆನ್ನುವುದೂ ಪ್ರಾಣಕ್ಕೆ ಎರವಾಗುತ್ತವೆ. ಮಕ್ಕಳನ್ನು ಬಲಿತೆಗೆದುಕೊಳ್ಳುವುದು ಬಹುಮಟ್ಟಿಗೆ ದದ್ದಲ್ಲ, ಅದರ ಬೆನ್ನಿಗೇ ಬರುವ ನ್ಯುಮೋನಿಯಾ ಮತ್ತು ಭೇದಿ. ಉಸಿರಾಟ ವೇಗವಾದರೆ, ಉಸಿರೆಳೆದಾಗ ಪಕ್ಕೆ ಒಳಸೇರಿದರೆ, ಮಗು ಕುಡಿಯಲಾರದೆ ಹೋದರೆ, ಸೆಳವು ಬಂದರೆ, ಕಣ್ಣಿನ ಕರಿಗುಡ್ಡೆ ಮಸುಕಾದರೆ ಕ್ಷಣವೂ ತಡಮಾಡಬಾರದು. ವೈದ್ಯರು ಎರಡು ದಿನ ಕೊಡುವ ‘ಎ’ ಜೀವಸತ್ವವು ಕಣ್ಣನ್ನೂ ಜೀವವನ್ನೂ ಕಾಯಬಲ್ಲದು.

ಎಲ್ಲಕ್ಕಿಂತ ಮಿಗಿಲಾದುದು ಲಸಿಕೆ. ದಡಾರದ ಲಸಿಕೆ 1985ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. 2017ರಲ್ಲಿ ನಮ್ಮ ರಾಜ್ಯದಲ್ಲಿ ರುಬೆಲ್ಲಾ ಲಸಿಕೆಯೂ ಅದರೊಡನೆ ಸೇರಿತು. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು. ಕಂಪ್ಲಿಯ ಕಬ್ಬು, ಭತ್ತದ ಗದ್ದೆಗಳಿಗೆ ಕೂಲಿಯರಸಿ ಬರುವ ಕುಟುಂಬಗಳಲ್ಲಿ ಎರಡನೆಯದು ತಪ್ಪಿಹೋಗುವ ಸಂಭವ ಹೆಚ್ಚು. ತಾಯಿ ಕಾರ್ಡನ್ನು ಜೊತೆಗಿಟ್ಟುಕೊಂಡರೆ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಹಾಕಿಸಬಹುದು.

ಚಳಿಗಾಲದ ಕೊನೆ ಮತ್ತು ವಸಂತ ದಡಾರಕ್ಕೆ ಅನುಕೂಲದ ಕಾಲ. ಜಾತ್ರೆಗಳ ಕಾಲವೂ ಅದೇ. ಚೈತ್ರದಲ್ಲಿ ವಿರೂಪಾಕ್ಷನ ತೇರಿಗೆಂದು ಹೊಸಪೇಟೆಯಿಂದ ಹಂಪಿಗೆ ಹೊರಡುವ ತಾಯಂದಿರೇ, ಮಗುವಿಗೆ ಜ್ವರ ಬಂದು ಕಣ್ಣು ಕೆಂಪಾಗಿದ್ದರೆ ಅಂದು ಬಸ್ಸು ಹತ್ತಬೇಡಿ. ತೇರು ಮುಂದಿನ ವರ್ಷವೂ ಎಳೆಯುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ಅವರೂ ನನ್ನಂತೆ ಧೂಳೆಂದರೆ, ಬಾಯಿಯನ್ನೂ ಒಮ್ಮೆ ನೋಡಿರೆಂದು ಸಂಕೋಚವಿಲ್ಲದೆ ಕೇಳಿ.