ಶಿಯಾ ಬಟರ್ ಡಬ್ಬಿಗೆ ದುಡ್ಡು ಹಾಕೋ ಮೊದಲು ಮನಿ ಕುಸುಬಿ ಎಣ್ಣಿ ನೋಡ್ರಿ

ಎಳ್ಳಮಾಸಿ ಹತ್ರ ಬಂತಂದ್ರ ನಮ್ಮ ಭಾಗದಾಗ ಹಿಮ್ಮಡಿ ಒಡೆಯದವರು ಸಿಗೋದು ಕಷ್ಟ. ಸೇಡಂ, ಚಿತ್ತಾಪುರದ ಕಡೆ ತೊಗರಿ ಕಟಾವು, ರಾಶಿ ನಡೆದಿರುತ್ತದೆ. ಕರಿ ಮಣ್ಣು ಒಣಗಿ ಬಾಯಿ ಬಿಟ್ಟಿರುತ್ತದೆ, ಅದರ ಜೊತೆಗೆ ನಮ್ಮ ಕಾಲೂ. ವಾಡಿ, ಶಹಾಬಾದ್ ಕಡೆ ಸಿಮೆಂಟ್ ಧೂಳು, ಪರ್ಸಿ ಕಲ್ಲಿನ ಧೂಳು. ಅಲ್ಲಿ ಕೂಲಿಗೆ ಹೋಗುವವರ ಅಂಗೈ ಮುಟ್ಟಿದರೆ ಪಾಲೀಶ್ ಕಾಗದ ಮುಟ್ಟಿದಂಗ. ಸರಿಯಾಗಿ ಇದೇ ದಿನಗಳಲ್ಲಿ ಮೊಬೈಲ್ ತೆಗೆದರೆ ಸಾಕು, ಶಿಯಾ ಬಟರ್ ಜಾಹೀರಾತು. ಚರ್ಮಕ್ಕೂ ಅದೇ, ಕೂದಲಿಗೂ ಅದೇ, ಮೊಡವೆಗೂ ಅದೇ ಅಂತಾರ.

ಹೋದ ಚಳಿಗಾಲ ನಮ್ಮ ವೈನಿ ಜಾಹೀರಾತು ತೋರಿಸಿ, "ಇದು ತರಿಸೋಣೇನು? ರಾತ್ರಿ ಉರಿ ತಡ್ಕೊಳ್ಳಾಕ ಆಗವಲ್ದು" ಅಂದರು. ತರಿಸಿದೆವು. ಆದರೆ ಒಂದು ಕಾಲಿಗೆ ಮಾತ್ರ ಅದು, ಇನ್ನೊಂದು ಕಾಲಿಗೆ ಮನೆಯಲ್ಲೇ ಮಾಡಿದ ಕುಸುಬಿ ಎಣ್ಣೆಯ ಮುಲಾಮು ಅಂತ ಮಾತಾಯಿತು. ಹತ್ತು ದಿನದ ಮೇಲೆ ಎರಡೂ ಹಿಮ್ಮಡಿ ಮೆತ್ತಗಾಗಿದ್ದವು. ಶಿಯಾ ಹಚ್ಚಿದ ಕಾಲು ಹಾಸಿಗೆಗೆ ಅಷ್ಟು ಅಂಟಲಿಲ್ಲ, ಅದೊಂದೇ ವೈನಿ ಹೇಳಿದ ವ್ಯತ್ಯಾಸ. ಒಂದು ಮನೆಯ, ಒಬ್ಬರ ಕಾಲಿನ ಮಾತು ಇದು, ಪ್ರಯೋಗಾಲಯದ್ದಲ್ಲ. ಆದರೂ ಯಾಕೆ ಹೀಗಾಯಿತು ಅನ್ನೋದು ತಿಳಿದರೆ ನಿಮ್ಮ ದುಡ್ಡು ಉಳಿದೀತು.

ಶಿಯಾ ಅಂದರೆ ಹಾಲಿನ ಬೆಣ್ಣೆ ಅಲ್ಲ, ಮರದ ಬೀಜದ ಕೊಬ್ಬು. ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಉಗಾಂಡಾದವರೆಗಿನ ಒಣ ಬಯಲುಗಳಲ್ಲಿ ಈ ಮರ ತಾನಾಗಿ ಬೆಳೆಯುತ್ತದೆ. ಹಣ್ಣು ಬಿಡಲು ಹದಿನೈದು ಇಪ್ಪತ್ತು ವರ್ಷ ಬೇಕು. ಉದುರಿದ ಕಾಯಿ ಆರಿಸುವವರು, ಬೇಯಿಸಿ ಒಣಗಿಸುವವರು, ಸಿಪ್ಪೆ ಒಡೆದು ಹುರಿದು ಅರೆಯುವವರು, ನೀರು ಹಾಕಿ ಕೈಯಲ್ಲೇ ನಾದಿ ಕೊಬ್ಬು ತೇಲಿಸುವವರು ಬಹುತೇಕ ಹಳ್ಳಿಯ ಹೆಣ್ಣುಮಕ್ಕಳೇ. ಮಜ್ಜಿಗೆ ಕಡೆದು ಬೆಣ್ಣೆ ತೆಗೆದಂಗ ಅನ್ನಿ. ಅಲ್ಲಿ ಅದು ಅಡುಗೆಯ ಎಣ್ಣೆಯೂ ಹೌದು.

ನಮಗೆ ಇದು ಪೂರಾ ಹೊರಗಿನದೂ ಅಲ್ಲ. ಶಿಯಾ ಮರ ನಮ್ಮ ಚಿಕ್ಕು ಮತ್ತು ಹಿಪ್ಪೆ ಮರದ ಬಳಗದ್ದು. ಸೇಡಂ, ಚಿಂಚೋಳಿಯ ಗಡಿಯಲ್ಲಿ ತೆಲುಗು ಮಾತಾಡುವವರು ಇಪ್ಪ ಅನ್ನೋದು ಇದೇ ಹಿಪ್ಪೆಗೆ. ಅದರ ಬೀಜದಿಂದಲೂ ಬೆಣ್ಣೆಯಂಥ ಎಣ್ಣೆ ಬರುತ್ತದೆ. ಚಳಿಯಲ್ಲಿ ಗಟ್ಟಿಯಾಗುತ್ತದೆ, ನಮ್ಮ ಬ್ಯಾಸಗಿಯಲ್ಲಿ ಕರಗಿ ನೀರಾಗುತ್ತದೆ. ಹಿಂದಿನವರು ದೀಪಕ್ಕೂ ಸೋಪಿಗೂ ಬಳಸಿದ್ದು ಇದನ್ನೇ. ಹೊಲದ ಬದುವಿನಲ್ಲಿ ಹಳೇ ಹಿಪ್ಪೆ ಮರ ಇದ್ದವರು ಮಳೆಗಾಲದ ಮೊದಲಲ್ಲಿ ಬೀಳುವ ಬೀಜ ಆರಿಸಿ, ಒಣಗಿಸಿ ಗಾಣಕ್ಕೆ ಒಯ್ಯಬಹುದು. ಎರಡು ಮಾತು ಮಾತ್ರ ನೆನಪಿರಲಿ. ಗಾಣದಿಂದ ಬಂದ ಹಿಪ್ಪೆ ಹಿಂಡಿ ಎತ್ತು, ಎಮ್ಮೆಗೆ ಹಾಕಬ್ಯಾಡ್ರಿ. ಅದರಲ್ಲಿ ಸಪೋನಿನ್ ಅನ್ನೋ ವಿಷದ ಅಂಶ ಇದೆ, ಗೊಬ್ಬರಕ್ಕೆ ಹಾಕ್ರಿ. ಇನ್ನೊಂದು, ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. ಅದರೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಆರಿಸುವಂತಿಲ್ಲ.

ಈಗ ಕೆಲಸ ಹೇಗೆ ಮಾಡುತ್ತದೆ ನೋಡೋಣ. ಒಡೆದ ಚರ್ಮಕ್ಕೆ ಬೇಕಿರುವುದು ಮೊದಲು ನೀರು, ಆಮೇಲೆ ಆ ನೀರು ಆರಿಹೋಗದಂತೆ ಒಂದು ಮುಚ್ಚಳ. ಶಿಯಾ, ಹಿಪ್ಪೆ, ಕುಸುಬಿ, ಔಡಲ, ಕೊಬ್ಬರಿ, ಕೊನೆಗೆ ಮೆಡಿಕಲ್ ಅಂಗಡಿಯ ವ್ಯಾಸಲೀನ್, ಎಲ್ಲವೂ ಮಾಡೋದು ಈ ಮುಚ್ಚಳದ ಕೆಲಸ. ಶಿಯಾದಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ, ಅದಕ್ಕೇ ತಾನಾಗಿ ಗಟ್ಟಿ ನಿಲ್ಲುತ್ತದೆ, ಮೈ ಬಿಸಿಗೆ ಕರಗುತ್ತದೆ. ಅದು ಅದರ ನಿಜವಾದ ಗುಣ, ಒಪ್ಪಬೇಕು. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಜಾಸ್ತಿ. ಅದು ಚರ್ಮಕ್ಕೆ ಒಳ್ಳೆಯದೇ, ಆದರೆ ತೆಳ್ಳಗೆ, ಹರಿದು ಹೋಗುತ್ತದೆ. ಅದನ್ನು ಗಟ್ಟಿ ಮಾಡಲು ಜೇನುಮೇಣ ಸಾಕು.

ನಾವು ಮಾಡಿದ್ದು ಹೀಗೆ. ಗಾಣದ ಕುಸುಬಿ ಎಣ್ಣೆ 80 ಗ್ರಾಂ, ಸೋಸಿದ ಜೇನುಮೇಣ 20 ಗ್ರಾಂ. ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಸ್ಟೀಲ್ ಬಟ್ಟಲಿಟ್ಟು ಎರಡನ್ನೂ ಕರಗಿಸಬೇಕು. ನೇರ ಬೆಂಕಿಗೆ ಇಡಬಾರದು. ಕರಗಿದ ಮೇಲೆ ಒಣಗಿದ ಡಬ್ಬಿಗೆ ಸುರಿದರೆ ಆರಿ ಮುಲಾಮು ಆಗ್ತದ. ಬ್ಯಾಸಗಿಗೆ ಮಾಡುವವರು ಮೇಣ ಇನ್ನೊಂದು 5 ಗ್ರಾಂ ಹೆಚ್ಚು ಹಾಕ್ರಿ. ಕುಸುಬಿ ಎಣ್ಣೆ ಬೇಗ ಕಮಟುತ್ತದೆ, ಹಾಗಾಗಿ ಎರಡು ತಿಂಗಳಿಗೆ ಆಗುವಷ್ಟೇ ಮಾಡಿ, ಬಿಸಿಲು ತಾಗದ ಕಡೆ ಇಡಿ. ಹಳೇ ಬಣ್ಣದ ಡಬ್ಬಿಯ ವಾಸನೆ ಬಂದರೆ ಚೆಲ್ಲಿಬಿಡಿ.

ಹಚ್ಚುವ ರೀತಿಯಲ್ಲೇ ಅರ್ಧ ಗುಣ ಇದೆ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕಾಲಿಟ್ಟು, ಕಾಲು ಉಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಪಸೆ ಇರುವಾಗಲೇ ಮುಲಾಮು ಹಚ್ಚಿ ಹತ್ತಿಯ ಸಾಕ್ಸ್ ಹಾಕಿ ಮಲಗಬೇಕು. ಒಣ ಕಾಲಿಗೆ ಹಚ್ಚಿದರೆ ಯಾವ ಡಬ್ಬಿಯೂ ಅಷ್ಟು ಉಪಯೋಗವಿಲ್ಲ. ಬ್ಲೇಡಿನಿಂದ ಚರ್ಮ ಕೆತ್ತೋದು ನಮ್ಮ ಕಡೆ ಚಟ ಆಗಿಬಿಟ್ಟದ, ಅದನ್ನ ಬಿಡ್ರಿ. ಸಕ್ಕರೆ ಕಾಯಿಲೆ ಇದ್ದವರ ಹಿಮ್ಮಡಿ ಒಡೆದು ರಕ್ತ, ಕೀವು ಬಂದರೆ ಮುಲಾಮಿನ ದಾರಿ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.

ಸಿಮೆಂಟ್ ಕೆಲಸಕ್ಕೆ ಹೋಗುವ ಗೆಳೆಯರಿಗೆ ಬೇರೆ ಮಾತು. ಹಸಿ ಸಿಮೆಂಟ್ ಸುಣ್ಣದ ಹಾಗೆ ಕ್ಷಾರ, ಚರ್ಮ ಸುಡುತ್ತದೆ. ಕೈಗೆ ಸಿಮೆಂಟ್ ಇರುವಾಗಲೇ ಎಣ್ಣೆ ಹಚ್ಚಿದರೆ ಅದು ಒಳಗೇ ಉಳಿಯುತ್ತದೆ. ಮೊದಲು ಸಾಕಷ್ಟು ನೀರಿನಲ್ಲಿ ತೊಳೆಯಬೇಕು, ಪೂರಾ ಹೋದ ಮೇಲೆ ಮುಲಾಮು. ವಾರಗಟ್ಟಲೆ ತುರಿಕೆ, ಗುಳ್ಳೆ ನಿಲ್ಲದಿದ್ದರೆ ಅದು ಸಿಮೆಂಟಿನ ಕ್ರೋಮಿಯಂ ತಂದ ಅಲರ್ಜಿ ಇರಬಹುದು, ಅದಕ್ಕೆ ಚರ್ಮದ ಡಾಕ್ಟರೇ ಬೇಕು. ತೊಡೆ ಸಂದಿಯ ಗಜಕರ್ಣಕ್ಕೂ ಅಷ್ಟೇ, ಶಿಯಾ ಹಚ್ಚಿದರೆ ಹೋಗೋದಿಲ್ಲ.

ಕೂದಲಿನ ವಿಷಯ ಸಣ್ಣದು. ಶಿಯಾ ದಪ್ಪ, ಅದಕ್ಕೆ ಒರಟು ಕೂದಲಿನ ತುದಿಗೆ ಕಡಲೆಕಾಳಿನಷ್ಟು ಸಾಕು, ಬುಡಕ್ಕೆ ಬೇಡ. ತೊಳೆಯುವ ಮೊದಲು ಹಚ್ಚಲು ಕೊಬ್ಬರಿ ಎಣ್ಣೆಯೇ ಮೇಲು, ಅದು ಕೂದಲಿನ ಒಳಗೆ ಇಳಿಯುತ್ತದೆ. ಹೊಟ್ಟಿಗೆ ಕಾರಣ ಆಗುವ ಶಿಲೀಂಧ್ರ ಕೊಬ್ಬು ತಿಂದೇ ಬದುಕುತ್ತದೆ, ಆದ್ದರಿಂದ ಎಣ್ಣೆಯಿಂದ ಹೊಟ್ಟು ಹೋಗುತ್ತದೆ ಅನ್ನೋ ಆಸೆ ಬೇಡ. ಬಿಸಿಲಿಗೂ ಶಿಯಾ ರಕ್ಷಣೆ ಅಲ್ಲ. ತಲೆಗೆ ರುಮಾಲು ಸುತ್ತಿಕೊಳ್ರಿ. ಮೊಡವೆ ಇರುವ ಮುಖಕ್ಕೆ ಯಾವ ದಪ್ಪ ಕೊಬ್ಬೂ ಬೇಡ.

ಕೊಳ್ಳುವವರು ಕೊಳ್ಳಲಿ, ಆದರೆ ಫೋಟೋ ಹಿಗ್ಗಿಸಿ ಡಬ್ಬಿಯ ಹಿಂದಿನ ಪಟ್ಟಿ ಓದ್ರಿ. ಅದರಲ್ಲಿ ಶಿಯಾ ಸಾಮಾನ್ಯವಾಗಿ 'ಬ್ಯುಟಿರೋಸ್ಪರ್ಮಮ್ ಪಾರ್ಕಿ' ಅನ್ನೋ ಹೆಸರಿನಲ್ಲಿ ಇರುತ್ತದೆ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಈ ಹೆಸರು ಸುಗಂಧದ ಹೆಸರಿಗಿಂತ ಕೆಳಗಿದ್ದರೆ, ನೀವು ಕೊಳ್ಳುತ್ತಿರೋದು ನೀರು, ಮೇಣ, ಮತ್ತೆ ಹೆಸರಿಗಷ್ಟೇ ಶಿಯಾ. 100 ಗ್ರಾಂಗೆ ಎಷ್ಟಾಯಿತು ಅಂತ ಲೆಕ್ಕ ಹಾಕಿ, ಡಬ್ಬಿಯ ದೊಡ್ಡತನ ನೋಡಬೇಡಿ. ಬ್ಯಾಸಗಿಯಲ್ಲಿ ಕೊರಿಯರ್ ಬಂದರೆ ಶಿಯಾ ಕರಗಿ, ಮತ್ತೆ ನಿಧಾನಕ್ಕೆ ಕಟ್ಟಿ ರವೆಯಂತೆ ಕಾಳುಕಾಳಾಗಿರುತ್ತದೆ. ಕೆಟ್ಟಿಲ್ಲ ಅದು. ಕರಗಿಸಿ ಫ್ರಿಜ್‌ನಲ್ಲಿ ಬೇಗ ಆರಿಸಿದರೆ ನುಣ್ಣಗಾಗುತ್ತದೆ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಮುಲಾಮು ಮಾಡಿ ಮಾರೋಣ ಅನ್ನುವ ಗೆಳೆಯರೂ ಇದ್ದಾರೆ. ಮನೆಗೆ, ನೆಂಟರಿಗೆ ಮಾಡಿಕೊಂಡರೆ ಯಾರೂ ಕೇಳೋದಿಲ್ಲ. ಮಾರಾಟಕ್ಕೆ ಮಾಡಿದರೆ ಅದು ಸೌಂದರ್ಯವರ್ಧಕ, 2020ರ ನಿಯಮಗಳ ಪ್ರಕಾರ ರಾಜ್ಯದ ಔಷಧ ಇಲಾಖೆಯ ಪರವಾನಗಿ ಬೇಕು. ನಮ್ಮ ಸಂಘದ ಹೆಣ್ಣುಮಕ್ಕಳಿಗೆ ನಾನು ಹೇಳೋದು ಇಷ್ಟೇ: ಸದ್ಯಕ್ಕೆ ಗಾಣದ ಕುಸುಬಿ ಎಣ್ಣೆಯನ್ನೇ ಅಡುಗೆಗೆ ಅಂತ ಆಹಾರ ಪರವಾನಗಿ ಮಾಡಿಸಿ ಮಾರ್ರಿ, ಅದು ಸುಲಭದ ದಾರಿ.

ಅದಕ್ಕೆ ಮೊದಲು ಕುಸುಬಿ ಬೇಕಲ್ಲ. ಮುಳ್ಳು, ಕೊಯ್ಯಲು ಆಳು ಸಿಗೋದಿಲ್ಲ ಅಂತ ಬಿಟ್ಟವರೇ ಬಹಳ. ಎಕರೆಗಟ್ಟಲೆ ಬೇಡ, ಹಿಂಗಾರಿ ಜೋಳದ ಸುತ್ತ ನಾಲ್ಕು ಸಾಲು ಹಾಕಿದರೆ ಮನೆ ಎಣ್ಣೆಗೆ ಆಸರೆ, ಮುಳ್ಳಿಗೆ ಹೆದರಿ ದನವೂ ಒಳಗೆ ನುಗ್ಗೋದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತಿರಿ. ತಡವಾದರೆ ಸಸ್ಯಹೇನಿನ ಕಾಟ ಜಾಸ್ತಿ.