ಕಲ್ಲು ನೆಟ್ಟ ಮೇಲೆ ಕೇಳಿದ ಅಭಿಪ್ರಾಯ

2018ರ ಜೂನ್‌ನಲ್ಲಿ ಸೇಲಂ ಸುತ್ತಲಿನ ಹಳ್ಳಿಗಳಿಗೆ ಸರ್ವೆಯವರು ಬಂದದ್ದು ಪೊಲೀಸರ ಬೆಂಗಾವಲಿನಲ್ಲಿ. ತೆಂಗಿನ ತೋಟದ ನಡುವೆ, ಮರಗೆಣಸಿನ ಹೊಲದ ಅಂಚಿನಲ್ಲಿ, ಬಾವಿಕಟ್ಟೆಯ ಮಗ್ಗುಲಲ್ಲಿ ಗಡಿಕಲ್ಲು ನೆಡುತ್ತಾ ಹೋದರು. ಕೆಲವೆಡೆ ಹೆಂಗಸರು ಕಲ್ಲಿಗೆ ಅಡ್ಡ ಕೂತು ಅತ್ತರು. ಕೆಲವೆಡೆ ನೆಟ್ಟ ಕಲ್ಲನ್ನು ಕಿತ್ತೆಸೆದರು. ಅದೇ ತಿಂಗಳು ನಟ ಮನ್ಸೂರ್ ಅಲಿ ಖಾನ್ ಈ ಸರ್ವೆಯ ಹಿಂದಿನ ಹೆದ್ದಾರಿ ಯೋಜನೆಯನ್ನು ಟೀಕಿಸಿ ಆಡಿದ ಮಾತಿಗಾಗಿ ಬಂಧನಕ್ಕೊಳಗಾದರು.

ಯೋಜನೆ ಚಿಕ್ಕದಲ್ಲ. ಚೆನ್ನೈನಿಂದ ಸೇಲಂಗೆ ಎಂಟು ಪಥದ ಹೊಸ ಹೆದ್ದಾರಿ, 277 ಕಿಲೋಮೀಟರ್ ಉದ್ದ, ಅಂದಾಜು ವೆಚ್ಚ 10,000 ಕೋಟಿ ರೂಪಾಯಿ. ಕೇಂದ್ರ ಸರ್ಕಾರದ ಭಾರತಮಾಲಾ ಯೋಜನೆಯ ಅಡಿಯಲ್ಲಿ ಬಂದ ಈ ರಸ್ತೆ ಕಾಂಚೀಪುರಂ, ತಿರುವಣ್ಣಾಮಲೈ, ಧರ್ಮಪುರಿ ಜಿಲ್ಲೆಗಳನ್ನು ಸೀಳಿಕೊಂಡು, ಮಂಜವಾಡಿ ಕಣಿವೆಯ ಬಳಿ ಬೆಟ್ಟ ದಾಟಿ ಸೇಲಂಗೆ ಇಳಿಯಬೇಕಿತ್ತು. ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಸೇಲಂ ಜಿಲ್ಲೆಯವರೇ. ಪ್ರಯಾಣದ ಹೊತ್ತು ಅರ್ಧಕ್ಕೆ ಇಳಿಯುತ್ತದೆ, ಕೈಗಾರಿಕೆಗಳು ಬರುತ್ತವೆ ಎಂಬುದು ಸರ್ಕಾರದ ಮಾತು. ಚೆನ್ನೈಗೆ ಕೃಷ್ಣಗಿರಿಯ ಮೇಲೊಂದು, ಉಳುಂದೂರುಪೇಟೆಯ ಮೇಲೊಂದು ರಸ್ತೆ ಈಗಾಗಲೇ ಇದೆಯಲ್ಲ, ಅವನ್ನೇ ಅಗಲ ಮಾಡಬಾರದೇ ಎಂಬುದು ರೈತರ ಪ್ರಶ್ನೆ.

2019ರ ಏಪ್ರಿಲ್ 8ರಂದು ಮದ್ರಾಸ್ ಹೈಕೋರ್ಟ್ ಭೂಸ್ವಾಧೀನವನ್ನು ರದ್ದುಪಡಿಸಿ, ಪರಿಸರ ಅನುಮತಿ ಮೊದಲು ಬೇಕು, ಜಮೀನಿಗೆ ಕೈ ಹಾಕುವುದು ಆಮೇಲೆ ಎಂದಿತು. ಹಳ್ಳಿಗಳಲ್ಲಿ ಪಟಾಕಿ ಸಿಡಿಯಿತು. 2020ರ ಡಿಸೆಂಬರ್ 8ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪದೆ ಭೂಸ್ವಾಧೀನದ ಮೊದಲ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಆದರೆ ಸ್ವಾಧೀನ ಮುಗಿಯುವ ಮುನ್ನವೇ ಕಂದಾಯ ದಾಖಲೆಗಳಲ್ಲಿ ಹೆಸರು ಬದಲಾಯಿಸಿದ್ದನ್ನು ಅದೂ ಒಪ್ಪಲಿಲ್ಲ. ಹೆದ್ದಾರಿ ಇನ್ನೂ ಕಾಗದದ ಮೇಲೆಯೇ ಇದೆ.

ಇಷ್ಟು ಪತ್ರಿಕೆಗಳಲ್ಲಿ ಬಂದದ್ದೇ. ಅಷ್ಟಾಗಿ ಚರ್ಚೆಯಾಗದ ಸಂಗತಿ ಬೇರೊಂದಿದೆ. 2018ರ ಆ ಬೇಸಗೆಯಲ್ಲಿ ಸೇಲಂ, ಧರ್ಮಪುರಿ ಜಿಲ್ಲೆಗಳ ಯಾವ ಪಂಚಾಯಿತಿಯಲ್ಲೂ ಚುನಾಯಿತ ಅಧ್ಯಕ್ಷರಿರಲಿಲ್ಲ. 2011ರಲ್ಲಿ ಗೆದ್ದವರ ಅವಧಿ 2016ರ ಅಕ್ಟೋಬರಿಗೆ ಮುಗಿದಿತ್ತು. ಮುಂದಿನ ಚುನಾವಣೆ ಕೋರ್ಟು, ಮೀಸಲಾತಿ, ವಾರ್ಡ್ ಮರುವಿಂಗಡಣೆ ಎಂದು ಮುಂದೂಡುತ್ತಲೇ ಹೋಯಿತು. ಹಳ್ಳಿಗಳಿಗೆ ಮತ್ತೆ ಮತದಾನ ಬಂದದ್ದು 2019ರ ಡಿಸೆಂಬರ್‌ನಲ್ಲಿ, ಪಟ್ಟಣಗಳಿಗೆ 2022ರ ಫೆಬ್ರವರಿಯಲ್ಲಿ. ನಡುವಿನ ವರ್ಷಗಳಲ್ಲಿ ಆಡಳಿತ ವಿಶೇಷಾಧಿಕಾರಿಗಳ ಕೈಯಲ್ಲಿತ್ತು. ತೋಟದಲ್ಲಿ ಕಲ್ಲು ಕಂಡ ರೈತ ಓಡಿ ಹೋಗಿ ಬಾಗಿಲು ಬಡಿಯಬಹುದಾದ ಮನೆ ಊರಲ್ಲಿ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮನವಿಗೆ ಸೀಲು ಒತ್ತಿಸಿಕೊಂಡು ಬರುವುದು, ಇಲ್ಲವೇ ರಸ್ತೆಗಿಳಿಯುವುದು: ಉಳಿದದ್ದು ಇವೆರಡೇ.

ಸೇಲಂ ನಗರದ ಕತೆಯೂ ಹೀಗೇ. 2016ರ ಸೆಪ್ಟೆಂಬರ್‌ನಲ್ಲಿ ಅದು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಮರುತಿಂಗಳೇ ನಗರಪಾಲಿಕೆಯ ಅವಧಿ ಮುಗಿಯಿತು. ಹಳೇ ಬಸ್ ನಿಲ್ದಾಣವನ್ನು ಕೆಡವಿ ಕಟ್ಟುವುದು, ಕೆರೆಗಳ ದಂಡೆಗೆ ನಡಿಗೆ ಹಾದಿ, ಉದ್ಯಾನಗಳು ಎಂದು ಕೋಟಿಗಟ್ಟಲೆ ಹಣದ ಕಾಮಗಾರಿಗಳು ನಡೆದಾಗ 60 ವಾರ್ಡುಗಳಲ್ಲಿ ಒಬ್ಬ ಕೌನ್ಸಿಲರ್ ಕೂಡ ಇರಲಿಲ್ಲ. ಬೆಂಗಳೂರಿನವರು ಇದನ್ನು ಕೇಳಿ ಹುಬ್ಬೇರಿಸಬೇಕಾಗಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬಿಬಿಎಂಪಿ, ಮತ್ತೊಂದು ಚುನಾವಣೆ ಕಾಣದೆಯೇ ಇತಿಹಾಸ ಸೇರಿತು.

ಹೀಗೆ ಕೇಳುವವರಿಲ್ಲದ ಜಾಗದಲ್ಲಿ ಜನರೇ ಎದ್ದು ನಿಂತ ನಿದರ್ಶನವೂ ಸೇಲಂನಲ್ಲಿದೆ, ಅದೂ ಇದಕ್ಕಿಂತ ಹಳೆಯದು. ಊರಿನ ಉತ್ತರಕ್ಕೆ, ಏರ್ಕಾಡಿನ ಸೇರ್ವರಾಯನ್ ಬೆಟ್ಟಗಳ ಬುಡದಲ್ಲಿ, ಕನ್ನಂಕುರಿಚಿಯ ಮೂಕನೇರಿ ಎಂಬ 58 ಎಕರೆಯ ಕೆರೆ. ಬೆಟ್ಟದ ಮಳೆನೀರು ಇಲ್ಲಿಗೆ ಇಳಿಯುತ್ತದೆ. ಹೂಳು, ಕಸ, ಬಳ್ಳಾರಿ ಜಾಲಿಯ ಪೊದೆ ಸೇರಿ ಕೆರೆ ಹಾಳುಬಿದ್ದಿತ್ತು. 2010ರಲ್ಲಿ ಪರಿಸರ ಹೋರಾಟಗಾರ ಪೀಯೂಷ್ ಮಾನುಷ್ ಮುಂದಾಳತ್ವದ ಸೇಲಂ ಸಿಟಿಜನ್ಸ್ ಫೋರಂ ಜಿಲ್ಲಾಡಳಿತದ ಒಪ್ಪಿಗೆ ಪಡೆದು, ಊರವರಿಂದ ಚಂದಾ ಎತ್ತಿ ಕೆಲಸಕ್ಕಿಳಿಯಿತು. ಎತ್ತಿದ ಹೂಳನ್ನು ಲಾರಿಯಲ್ಲಿ ಹೊರಗೆ ಸಾಗಿಸುವ ಖರ್ಚು ದೊಡ್ಡದು. ಅದಕ್ಕೆ ಅವರು ಹೂಳನ್ನು ಕೆರೆಯೊಳಗೇ ಗುಡ್ಡೆ ಹಾಕಿ ಸಾಲುಸಾಲು ನಡುಗಡ್ಡೆಗಳನ್ನು ಮಾಡಿ, ಮಣ್ಣು ಕುಸಿಯದಂತೆ ಗಿಡ ನೆಟ್ಟರು. ಮಳೆ ಬಂತು, ಕೆರೆ ತುಂಬಿತು, ಹಕ್ಕಿಗಳು ಮರಗಳಲ್ಲಿ ಗೂಡು ಕಟ್ಟಿದವು. ಅಮ್ಮಾಪೇಟೆ, ಕುಂದುಕಲ್ ಮುಂತಾದ ಬೇರೆ ಕೆರೆಗಳಿಗೂ ಅದೇ ತಂಡ ಹೋಯಿತು.

ಕೆರೆಯ ವಿಷಯದಲ್ಲಿ ಊರಿಗೆ ಊರೇ ಒಂದೇ ಮನಸ್ಸಾಗಿರುತ್ತದೆ ಎಂದುಕೊಳ್ಳುವುದು ತಪ್ಪು. ಬೆಳಗಿನ ವಾಕಿಂಗ್‌ನವರಿಗೆ ಬೇಕಾದದ್ದು ಇಂಟರ್‌ಲಾಕ್ ಹಾಸಿದ ಹಾದಿ, ದೀಪ, ಕೂರಲು ಬೆಂಚು. ಹಕ್ಕಿ ನೋಡುವವರಿಗೆ ಆ ದೀಪವೇ ಶತ್ರು. ಮೀನು ಗುತ್ತಿಗೆ ಹಿಡಿದವನಿಗೆ ನಡುಗಡ್ಡೆ ಎಂದರೆ ಬಲೆ ಬೀಸಲಾಗದ ಜಾಗ. ದಂಡೆಯ ಗುಡಿಸಲಲ್ಲಿರುವ ಸಂಸಾರಕ್ಕೆ ‘ಸುಂದರೀಕರಣ’ ಎಂದು ಕಿವಿಗೆ ಬಿದ್ದ ದಿನವೇ ಗಂಟುಮೂಟೆ ನೆನಪಾಗುತ್ತದೆ. ಕೆರೆ ಒತ್ತುವರಿ ತೆರವಿಗೆಂದೇ 2007ರಲ್ಲಿ ತಮಿಳುನಾಡು ಕಾಯ್ದೆ ಮಾಡಿದೆ. ಅದನ್ನು ಜಾರಿ ಮಾಡುವಾಗ ಮೊದಲು ಬೀಳುವುದು ತಗಡಿನ ಸೂರು. ಕಾಂಪೌಂಡ್ ಕಟ್ಟಿ, ಕಾಗದಪತ್ರ ಸರಿಮಾಡಿಕೊಂಡವನು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ತಳ್ಳುತ್ತಾನೆ. ಹಸಿರಿನ ಪರ ದನಿ ಎತ್ತುವ ಮಧ್ಯಮವರ್ಗದ ಬಡಾವಣೆಗಳು ಈ ವ್ಯತ್ಯಾಸವನ್ನು ನೋಡಿಯೂ ನೋಡದ ಹಾಗೆ ಇರುವುದುಂಟು.

ಕೆರೆ ಕಳೆದುಕೊಳ್ಳುವುದಕ್ಕೆ ಒತ್ತುವರಿಗಿಂತ ಹಿಂದಿನ ಕಾರಣವೂ ಒಂದಿದೆ. ಸೇಲಂ ನಗರಕ್ಕೆ ಕುಡಿಯುವ ನೀರು ಕೊಡಲೆಂದು 1911ರಲ್ಲಿ ಪನಮರತ್ತುಪಟ್ಟಿಯಲ್ಲಿ ಎರಡು ಸಾವಿರ ಎಕರೆಗೂ ಮೀರಿದ ಕೆರೆಯನ್ನು ಸಿದ್ಧಪಡಿಸಲಾಯಿತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ಕಾಲಕ್ರಮದಲ್ಲಿ ನಗರದ ನಲ್ಲಿಗೆ ಕಾವೇರಿ ಬಂತು. ನಲ್ಲಿ ತಿರುಗಿಸಿದರೆ ನೀರು ಸಿಗುವಾಗ ಪನಮರತ್ತುಪಟ್ಟಿಯ ಕಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ನೋಡಲು ಯಾರು ಹೋಗುತ್ತಾರೆ? ಅಷ್ಟು ದೊಡ್ಡ ಕೆರೆ ವರ್ಷಗಟ್ಟಲೆ ಒಣಗಿ ಜಾಲಿಕಾಡಾಯಿತು. ಕುಡಿಯುವ ನೀರಿನ ನಂಟು ಕಡಿದ ಮೇಲೆ ಕೆರೆ ಎಂಬುದು ಸರ್ವೆ ನಂಬರ್ ಮಾತ್ರ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದೂ, ಸಂಪಂಗಿ ಕೆರೆ ಕ್ರೀಡಾಂಗಣವಾದದ್ದೂ ಹಾಗೆಯೇ. ಊರಿಗೆ ಬಸ್ ನಿಲ್ದಾಣ ಬೇಡವೇ ಎಂದರೆ ಬೇಕು, ಆದರೆ ಖಾಲಿ ಜಾಗ ಎಲ್ಲಿ ಎಂದು ಹುಡುಕುವ ಅಧಿಕಾರಿಯ ಕಣ್ಣು ಕೆರೆಯಂಗಳದ ಮೇಲೇ ಬೀಳುತ್ತದೆ.

ಧರ್ಮಪುರಿಯಲ್ಲಿ ನೀರಿನ ಕತೆ ಬೇರೆ ದಿಕ್ಕಿನದು. ಅಲ್ಲಿಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಮೂಳೆ ನೋವು. 2008ರಲ್ಲಿ ಶಂಕುಸ್ಥಾಪನೆಯಾದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಕರ್ನಾಟಕದ ಓದುಗರಿಗೆ ಗಡಿ ಜಗಳವಾಗಿ ನೆನಪಿದೆ. ಪೆನ್ನಾಗರಂ, ಪಾಲಕ್ಕೋಡು ಕಡೆಯ ಊರುಗಳಿಗೆ, ಅಲ್ಲಿ ಮನೆಮಾತು ಕನ್ನಡವಾಗಿರುವ ಸಂಸಾರಗಳಿಗೂ ಸೇರಿ, ಅದು ಕೊಡ ತುಂಬುವ ನೀರಾಗಿತ್ತು. ಜಪಾನಿನ ಸಾಲದಿಂದ ಮುಗಿದ ಯೋಜನೆ 2013ರ ಮೇ ತಿಂಗಳಲ್ಲಿ ಆರಂಭವಾಯಿತು. ಒಂದೇ ಸೌಕರ್ಯ ಎರಡು ಊರುಗಳಲ್ಲಿ ಎಷ್ಟು ಬೇರೆಯಾಗಿ ಕಾಣಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮತ್ತೆ ಸೇಲಂ ಪೇಟೆಗೆ. ಮುಳ್ಳುವಾಡಿ ಗೇಟ್ ಎಂಬಲ್ಲಿ ರೈಲು ಹಳಿ ಊರನ್ನು ಅಡ್ಡಗಟ್ಟುತ್ತದೆ. ಆಗ ಗೇಟ್ ಹಾಕಿದರೆ ಎರಡೂ ಬದಿ ವಾಹನಗಳ ಸಾಲು ನಿಲ್ಲುತ್ತಿತ್ತು, ಸೇತುವೆ ಬೇಕೆನ್ನದವರು ಯಾರೂ ಇರಲಿಲ್ಲ. 2016ರ ಜುಲೈನಲ್ಲಿ ಜಗಳ ಹತ್ತಿದ್ದು ಕ್ರಮದ ಬಗ್ಗೆ: ಜಾಗ ಪಡೆದು ಬದಲಿ ದಾರಿ ಮಾಡದೆ ಕೆಲಸ ಶುರುಮಾಡಬೇಡಿ ಎಂಬುದು ಪ್ರತಿಭಟನಕಾರರ ಬೇಡಿಕೆ. ಪೀಯೂಷ್ ಮಾನುಷ್ ಮತ್ತು ಇನ್ನಿಬ್ಬರನ್ನು ಪೊಲೀಸರು ಬಂಧಿಸಿದರು. ಜೈಲಿನಲ್ಲಿ ತನ್ನನ್ನು ಹೊಡೆದರೆಂದು ಅವರು ಆರೋಪಿಸಿದಾಗ ಒಂದು ಲೆವೆಲ್ ಕ್ರಾಸಿಂಗಿನ ವಿಷಯ ದೇಶದ ಸುದ್ದಿಯಾಯಿತು. ಸೇತುವೆ ವಿರೋಧಿ ಎಂದು ಅವರನ್ನು ಕರೆದವರೂ ಇದ್ದರು. ಬೇಡಿಕೆಯನ್ನು ಓದದೆ ಹಣೆಪಟ್ಟಿ ಹಚ್ಚುವುದು ಎಲ್ಲ ಊರಿನಲ್ಲೂ ಸುಲಭದ ಕೆಲಸ.

ಅದೇ ವರ್ಷ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಸಾವಿರಾರು ಜನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಕೈ ಕೈ ಹಿಡಿದು ನಿಂತರು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಸೇಲಂನ ಮೂವರು ಜೈಲಿಗೆ, ಬೆಂಗಳೂರಿನ ಸಾವಿರಾರು ಜನ ಟಿವಿಗೆ. ರಾಜಧಾನಿಯಲ್ಲಿ ನಿಂತು ಬೇಡ ಎನ್ನುವುದಕ್ಕೂ ಜಿಲ್ಲಾ ಕೇಂದ್ರದಲ್ಲಿ ಅನ್ನುವುದಕ್ಕೂ ಇರುವ ಅಂತರ ಇದು.

ಬೀದಿಗಿಳಿಯದೆ ಗೆದ್ದ ಪ್ರಕರಣವೂ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಮುಖ್ಯಮಂತ್ರಿಯ ಸೂಚನೆಯಂತೆ ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಗಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೇ ತಾನೆ ಎಂಬ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಯೋಜನೆಯಲ್ಲಿ ಪಾರ್ಕ್ ಎಂದು ಗುರುತಿಸಿದ್ದನ್ನು ಸರ್ಕಾರವಾಗಲಿ ಬಿಡಿಎ ಆಗಲಿ ಖಾಸಗಿ ಆಸ್ಪತ್ರೆಗೆ ತಿರುಗಿಸುವಂತಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಈ ತೀರ್ಪು, ಪಾರ್ಕ್ ಜಾಗದ ತಕರಾರು ಕೋರ್ಟಿಗೆ ಬಂದಾಗಲೆಲ್ಲ ವಕೀಲರಿಗೆ ಆಧಾರ. ತಮಿಳುನಾಡಿನ ದೊಡ್ಡ ಲೇಔಟುಗಳಲ್ಲಿ ನೂರಕ್ಕೆ ಹತ್ತು ಭಾಗವನ್ನು ಬಯಲಿಗೆ ಬಿಡಬೇಕೆಂಬ ನಿಯಮವಿದೆ, ಓಎಸ್‌ಆರ್ ಜಾಗ ಎನ್ನುತ್ತಾರೆ. ಸೈಟ್ ಕೊಳ್ಳುವಾಗ ಮಂಜೂರಾದ ನಕ್ಷೆಯಲ್ಲಿ ಆ ಜಾಗ ಎಲ್ಲಿದೆಯೆಂದು ನೋಡಿಟ್ಟುಕೊಂಡವರಿಗೆ ಮುಂದೆ ಅದೇ ದಾಖಲೆ.

2022ರ ನವೆಂಬರ್ 1ರಿಂದ ತಮಿಳುನಾಡಿನ ನಗರಗಳಲ್ಲಿ ಹಳ್ಳಿಯ ಗ್ರಾಮಸಭೆಯ ಮಾದರಿಯಲ್ಲಿ ಏರಿಯಾ ಸಭೆಗಳು ಶುರುವಾಗಿವೆ. ವಾರ್ಡಿನ ಜನ ಒಂದೆಡೆ ಕೂತು ಚರಂಡಿ, ದೀಪ, ಪಾರ್ಕಿನ ಬೀಗದ ಬಗ್ಗೆ ಕೌನ್ಸಿಲರ್ ಎದುರಿಗೇ ಮಾತಾಡಬಹುದು. ಬೀದಿನಾಯಿ, ಕಸದ ಗಾಡಿಯಂಥ ದೂರುಗಳಿಗೆ ಇದು ಸರಿಯಾದ ಜಾಗ. ಕೋಟಿಗಳ ಕಾಮಗಾರಿಯ ನಕ್ಷೆ ಟೆಂಡರಿಗೆ ಹೋಗುವ ಮೊದಲೇ ಆ ಸಭೆಯ ಮೇಜಿನ ಮೇಲೆ ಬಿಚ್ಚಿಟ್ಟರೆ ಮಾತ್ರ, ಕಲ್ಲು ನೆಟ್ಟ ಮೇಲೆ ಕೇಳುವ ಚಾಳಿ ಬದಲಾಗಲು ಶುರುವಾದೀತು.