ಬಿಚ್ಚಿದ ಎಂಜಿನ್, ಗುರುತಿಟ್ಟ ಕ್ಯಾಪು

ಉಪ್ಪನ ಹಳೇ ಮಾರುತಿ 800 ನೀಲಿ ಹೊಗೆ ಬಿಡತೊಡಗಿದಾಗ 'ಗುಜರಿಗೆ ಹಾಕಿ' ಅಂದವರೇ ಹೆಚ್ಚು. ನಾವು ಎಂಜಿನ್ ಬಿಚ್ಚಿಸಿದೆವು. 796 ಸಿಸಿ, ಮೂರೇ ಸಿಲಿಂಡರ್. ಬಿಚ್ಚುವುದು ಸುಲಭ, ಕಷ್ಟ ಇರುವುದು ಜೋಡಿಸುವುದರಲ್ಲಿ.

ಮೇಸ್ತ್ರಿ ಮೊದಲು ಪ್ರತಿ ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ 1, 2, 3 ಎಂದು ಗುರುತು ಹಾಕಿದರು. ರಾಡು, ಕ್ಯಾಪು ಎರಡನ್ನೂ ಕೂಡಿಸಿಯೇ ಕಾರ್ಖಾನೆಯಲ್ಲಿ ದುಂಡಗೆ ಕೊರೆದಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಹೋದರೆ, ಹಿಂದುಮುಂದಾದರೂ, ದುಂಡು ತಪ್ಪಿ ಬೇರಿಂಗ್ ಸುಡುತ್ತದೆ. ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಎಲ್ಲವನ್ನೂ ಒಂದೇ ಟ್ರೇಗೆ ಸುರಿದದ್ದಕ್ಕೆ ನಮ್ಮ ಜೀಪಿನ ಎಂಜಿನ್ನೇ ಹೋಗಿತ್ತು.

ಹೊಸ ರಿಂಗನ್ನು ಸಿಲಿಂಡರಿನೊಳಗಿಟ್ಟು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದರು. ಪಿಸ್ಟನ್ನಿಗೆ ಹಾಕುವಾಗ ಆ ಸಂದುಗಳು ಒಂದೇ ಸಾಲಿಗೆ ಬರದ ಹಾಗೆ ತಿರುಗಿಸಿದರು. ಇಲ್ಲಾಂದ್ರೆ ಗ್ಯಾಸ್ ಕೆಳಗೆ, ಆಯಿಲ್ ಮೇಲೆ, ಮತ್ತದೇ ಹೊಗೆ.

ಬೇರಿಂಗಿಗೆ ಆಯಿಲ್ ಸವರಿ, ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿ ನೋಡಿದರು. ಎರಡನೆಯದು ಹಿಡಿಯಿತು.

'ಓಡ್ತಾ ಓಡ್ತಾ ಸಡಿಲ ಆಗ್ತದಲ್ಲ?' ಅಂದೆವು.

'ಇಲ್ಲ, ಸುಟ್ಟೇ ಹೋಗ್ತದೆ' ಎನ್ನುತ್ತಾ ಮತ್ತೆ ಬಿಚ್ಚಿದರು. ಬೇರಿಂಗಿನ ಹಿಂದೆ ಒಂದೇ ಒಂದು ಮರಳಿನ ಕಣ!

ಹಳೇ ಹೆಡ್ ಗ್ಯಾಸ್ಕೆಟ್ ಚೆನ್ನಾಗೇ ಕಾಣುತ್ತಿತ್ತು. ಒಮ್ಮೆ ಒತ್ತಿಕೊಂಡದ್ದು ಮತ್ತೆ ಸರಿಯಾಗಿ ಮುಚ್ಚುವುದಿಲ್ಲವಂತೆ, ಹೊಸದೇ ಹಾಕಿಸಿದೆವು.

ಈಗ ಹೊಗೆ ಇಲ್ಲ. ಮೊದಲ ಸಾವಿರ ಕಿಲೋಮೀಟರ್ ಮುಗಿಯುವ ತನಕ ಉಪ್ಪ ನಮಗ್ಯಾರಿಗೂ ಕೀ ಕೊಡುತ್ತಿಲ್ಲ.